ಆಶಾಭಂಗದಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು?

ಮನುಷ್ಯನ ಹೃದಯಕ್ಕೆ ಉಂಟಾಗುವ ನೋವುಗಳಲ್ಲಿ ಆಶಾಭಂಗವು ಸಣ್ಣದಲ್ಲ. ಬಿತ್ತದ ಹೊಲವು ಬರಿದಾಗಿರುವದನ್ನು ಕಂಡು ಯಾವನೂ ಅಳುವದಿಲ್ಲ. ಬಿತ್ತಿ, ಕಳೆ ಕಿತ್ತು, ಮಳೆಗಾಗಿ ಆಕಾಶವನ್ನು ನೋಡುತ್ತಾ ಕಾದಿದ್ದವನೇ ಜಳ್ಳು ತೆನೆಯನ್ನು ಕೈಯಲ್ಲಿ ಹಿಡಿದು ಅಳುತ್ತಾನೆ. ಆದದರಿಂದ ಆಶಾಭಂಗವಿರುವಲ್ಲಿ ಮೊದಲು ಪ್ರೀತಿಯೂ ನಿರೀಕ್ಷೆಯೂ ಇದ್ದವೆಂದು ತಿಳಿಯತಕ್ಕದ್ದು. ಆದರೆ ಈ ನೋವು ಬಹು ಬೇಗನೆ ಕೋಪವಾಗುತ್ತದೆ, ಕೋಪವು ತಿರಸ್ಕಾರವಾಗುತ್ತದೆ, ತಿರಸ್ಕಾರವು ನೆರೆಯವನ ಹೆಸರನ್ನು ಕೆಡಿಸಿದ ಹೊರತು ಸುಮ್ಮನಿರುವದಿಲ್ಲ. ಹಾಗಾದರೆ ನಮ್ಮನ್ನು ನಿರಾಶೆಗೊಳಿಸಿದವನ ಮೇಲೆ ನಾವು ಸಿಟ್ಟುಗೊಳ್ಳುವದು ಎಷ್ಟರ ಮಟ್ಟಿಗೆ ನ್ಯಾಯ? ಅದು ಎಲ್ಲಿಂದ ಪಾಪವಾಗುತ್ತದೆ? ಈ ಸಾರಿ ಇದನ್ನು ವಿಚಾರಿಸೋಣ.

ಇದಕ್ಕೆ ದೃಷ್ಟಾಂತವಾಗಿ ಅಮೆರಿಕ ದೇಶದ ಒಂದು ಸಿನೆಮಾದ ವೃತ್ತಾಂತವನ್ನು ತೆಗೆದುಕೊಳ್ಳುತ್ತೇವೆ. ಮಿಶನ್ ಪತ್ರಿಕೆಯಲ್ಲಿ ಸಿನೆಮಾದ ಮಾತೇಕೆಂದು ಹಿರಿಯರು ಕೇಳಬಹುದು. ನಮ್ಮ ಹಳ್ಳಿಗಳ ಯೌವನಸ್ಥರು ಈಗ ಕೈಯೊಳಗಿನ ಫೋನಿನಲ್ಲಿಯೇ ದೂರ ದೇಶಗಳ ಇಂಥ ಚಿತ್ರಗಳನ್ನು ನೋಡುತ್ತಾರೆ. ನೋಡಿ ಸಂತೋಷಪಡುತ್ತಾರೆ, ಬೇಸರಪಡುತ್ತಾರೆ, ತಮ್ಮತಮ್ಮೊಳಗೆ ವಾದಿಸುತ್ತಾರೆ. ನಮ್ಮ ಕರ್ತನು ಬಲೆ, ಹುಳಿಹಿಟ್ಟು, ಕಳೆದುಹೋದ ನಾಣ್ಯ ಇವುಗಳಿಂದಲೇ ಪರಲೋಕರಾಜ್ಯದ ಸಂಗತಿಗಳನ್ನು ಬೋಧಿಸಿದನಲ್ಲಾ. ಜನರ ಕಣ್ಣ ಮುಂದಿರುವ ವಸ್ತುವಿನಿಂದ ಬುದ್ಧಿ ಕಲಿಯುವದರಲ್ಲಿ ತಪ್ಪಿಲ್ಲ.

ಸೂಪರ್‌ಮ್ಯಾನ್ ಎಂಬ ಅತಿಮಾನುಷ ವೀರನ ಕಥೆಯು ಮೊದಲು ೧೯೩೮ರಲ್ಲಿ ಅಮೆರಿಕದ ಒಂದು ಚಿತ್ರಕಥೆಯ ಪುಸ್ತಕದಲ್ಲಿ ಅಚ್ಚಾಯಿತು. ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಯೆಹೂದ್ಯ ಯುವಕರು ಅದನ್ನು ಕಲ್ಪಿಸಿದರು. ಬೇರೊಂದು ಲೋಕದಿಂದ ಬಂದ ಕೂಸು, ಭೂಮಿಯಲ್ಲಿ ಒಕ್ಕಲಿಗ ದಂಪತಿಗಳ ಮನೆಯಲ್ಲಿ ಬೆಳೆದು, ಆಕಾಶದಲ್ಲಿ ಹಾರುವ ಬಲವನ್ನು ಹೊಂದಿ, ದುರ್ಬಲರನ್ನು ರಕ್ಷಿಸುತ್ತದೆ; ಇದೇ ಕಥೆಯ ಸಾರ. ೧೯೭೮ರಲ್ಲಿ ಇದು ದೊಡ್ಡ ಚಲನಚಿತ್ರವಾಗಿ ತೆರೆಗೆ ಬಂತು. ಅದಕ್ಕೆ ಸುಮಾರು ೫ ಕೋಟಿ ೫೦ ಲಕ್ಷ ಡಾಲರು ವೆಚ್ಚವಾಯಿತೆಂದು ಹೇಳುತ್ತಾರೆ. ಅಷ್ಟಾಗಿ ಹೆಸರಿಲ್ಲದಿದ್ದ ಕ್ರಿಸ್ಟಫರ್ ರೀವ್ ಎಂಬ ನಟನು ವೀರನ ವೇಷವನ್ನು ಧರಿಸಿದನು. ಮನುಷ್ಯನು ಹಾರುವದನ್ನು ತೆರೆಯ ಮೇಲೆ ನಂಬುವಂತೆ ತೋರಿಸಬೇಕೆಂದು ಕೆಲಸಗಾರರು ಬಹಳ ಶ್ರಮಪಟ್ಟರು; ಜನರು ನಂಬಿದರು, ಬೆರಗಾದರು, ಮಕ್ಕಳು ಆ ನಟನನ್ನು ವೀರನೆಂದೇ ಎಣಿಸಿದರು. ಎರಡನೆಯ ಭಾಗವನ್ನೂ ಮೆಚ್ಚಿದರು. ೧೯೮೩ರ ಮೂರನೆಯ ಭಾಗದಲ್ಲಿ ಮೆಚ್ಚಿಕೆ ಕುಗ್ಗಿತು. ೧೯೮೭ರ ಜುಲೈ ತಿಂಗಳಲ್ಲಿ ನಾಲ್ಕನೆಯದು ಬಂದಾಗ ಆ ಕಟ್ಟಡವೇ ಕುಸಿಯಿತು.

ಈ ನಾಲ್ಕನೆಯ ಚಿತ್ರದ ಉದ್ದೇಶವು ಹೀನವಾದದ್ದಲ್ಲ. ಆ ಕಾಲದಲ್ಲಿ ಅಮೆರಿಕವೂ ಸೋವಿಯೆತ್ ರಶಿಯವೂ ಅಣ್ವಸ್ತ್ರಗಳನ್ನು ರಾಶಿಹಾಕಿಕೊಂಡು ಒಂದನ್ನೊಂದು ಹೆದರಿಸುತ್ತಿದ್ದವು. ರೀವ್ ಈ ವಿಷಯವನ್ನು ಮನಸ್ಸಿಗೆ ಹಚ್ಚಿಕೊಂಡಿದ್ದನು. ಕಥೆಯನ್ನು ಹೆಣೆಯುವದರಲ್ಲಿ ಅವನೂ ಸೇರಿದನು. ಒಬ್ಬ ಹುಡುಗನು ವೀರನಿಗೆ ಕಾಗದ ಬರೆದು, ಈ ಅಸ್ತ್ರಗಳನ್ನು ಲೋಕದಿಂದ ತೆಗೆದುಹಾಕೆಂದು ಬೇಡುತ್ತಾನೆ. ವೀರನು ವಿಶ್ವಸಂಸ್ಥೆಯ ಸಭೆಗೆ ಹೋಗಿ ಮಾತು ಕೊಟ್ಟು, ಕ್ಷಿಪಣಿಗಳನ್ನೆಲ್ಲಾ ದೊಡ್ಡ ಬಲೆಯೊಳಗೆ ಕೂಡಿಸಿ ಸೂರ್ಯನಿಗೆ ಎಸೆಯುತ್ತಾನೆ. ಕಥೆಯ ಕಡೆಯಲ್ಲಿ ಅವನೇ ಜನರ ಮುಂದೆ ನಿಂತು, ಸಮಾಧಾನವೆಂಬದು ತಾನು ಕೊಡಬಹುದಾದ ದಾನವಲ್ಲ, ಜನಾಂಗಗಳು ಅದನ್ನು ತಾವಾಗಿಯೇ ಬಯಸಬೇಕು ಎಂಬರ್ಥದ ಮಾತನ್ನಾಡುತ್ತಾನೆ. ಇಂಥ ಉದ್ದೇಶವನ್ನು ಯಾರು ಹಳಿಯುವರು?

ಆದರೆ ಕೆಲಸವು ಉದ್ದೇಶಕ್ಕೆ ತಕ್ಕದ್ದಾಗಿರಲಿಲ್ಲ. ಕ್ಯಾನನ್ ಎಂಬ ಕಂಪೆನಿಯವರು ಈ ಚಿತ್ರವನ್ನು ಮಾಡಿಸಿದರು. ಅದೇ ವೇಳೆಯಲ್ಲಿ ಅವರ ಕೈಯಲ್ಲಿ ಮೂವತ್ತರ ಸುಮಾರು ಬೇರೆ ಚಿತ್ರಗಳಿದ್ದವೆಂದು ರೀವ್ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಮೊದಲು ಎಣಿಸಿದ್ದ ಹಣವನ್ನು ಅರ್ಧದಷ್ಟಕ್ಕೆ ಕಡಿಮೆಮಾಡಿ, ಸುಮಾರು ೧ ಕೋಟಿ ೭೦ ಲಕ್ಷ ಡಾಲರಿನಲ್ಲಿ ಮುಗಿಸಿದರು. ನ್ಯೂಯಾರ್ಕ್ ನಗರದ ವಿಶ್ವಸಂಸ್ಥೆಯೆಂದು ತೋರಿಸಿದ ಸ್ಥಳವು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಊರಿನದಾಗಿತ್ತು. ಜನಜಂಗುಳಿ ಇರಬೇಕಾದಲ್ಲಿ ಕೆಲವೇ ಮಂದಿ ನಿಂತಿದ್ದರು. ವೀರನು ಹಾರಿಬರುವ ಒಂದೇ ನೋಟವನ್ನು ಮತ್ತೆಮತ್ತೆ ತೋರಿಸಿದರು. ಗಾಳಿಯೇ ಇಲ್ಲದ ಅಂತರಿಕ್ಷದಲ್ಲಿ ಒಬ್ಬ ಸ್ತ್ರೀಯು ಏನೂ ಆಗದವಳಂತೆ ಉಸಿರಾಡುತ್ತಿದ್ದಳು. ಹತ್ತು ವರುಷ ಮನಸ್ಸಿನಲ್ಲಿಟ್ಟುಕೊಂಡ ವೀರನನ್ನು ಈ ಸ್ಥಿತಿಯಲ್ಲಿ ಕಂಡು ಪ್ರೇಕ್ಷಕರು ನೊಂದರು, ನಕ್ಕರು, ಬಿಟ್ಟುಹೋದರು. ಮೊದಲನೆಯ ಚಿತ್ರಕ್ಕೆ ಅಮೆರಿಕದಲ್ಲಿ ಸುಮಾರು ೧೩ ಕೋಟಿ ಡಾಲರು ಕೂಡಿತ್ತು. ಇದಕ್ಕೆ ೧ ಕೋಟಿ ೬೦ ಲಕ್ಷವೂ ಪೂರ್ತಿ ಕೂಡಲಿಲ್ಲ. ಆ ವೀರನ ಮುಂದಿನ ಚಿತ್ರವು ಹತ್ತೊಂಬತ್ತು ವರುಷಗಳ ತರುವಾಯ, ೨೦೦೬ರಲ್ಲಿ, ಬೇರೊಬ್ಬ ನಟನಿಂದ ಆಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ನೊಂದ ಮನಸ್ಸು ತನ್ನನ್ನು ತಾನೇ ಎರಡು ಮಾತು ಕೇಳಿಕೊಳ್ಳಬೇಕೆಂದು ನಮಗೆ ತೋರುತ್ತದೆ. ಅವನು ನನಗೆ ಸಲ್ಲಿಸಬೇಕಾಗಿದ್ದದ್ದು ಏನು ಎಂಬದು ಒಂದು. ಅವನು ಸಲ್ಲಿಸಬೇಕಾಗಿರದೆ ನಾನೇ ಅವನಿಂದ ಬಯಸಿದ್ದು ಏನು ಎಂಬದು ಇನ್ನೊಂದು.

ಮೊದಲನೆಯದನ್ನು ನೋಡುವ. ಹಣ ತೆಗೆದುಕೊಂಡು ಕೆಲಸ ಮಾಡುವವನು ಪ್ರಾಮಾಣಿಕವಾದ ಶ್ರಮವನ್ನು ಸಲ್ಲಿಸಲೇಬೇಕು. ಒಳ್ಳೇ ಹೆಸರನ್ನು ಮುಂದಿಟ್ಟು ಕೀಳು ಸರಕನ್ನು ಮಾರುವದು ಸಿನೆಮಾದಲ್ಲಿಯೂ ಸಂತೆಯಲ್ಲಿಯೂ ಒಂದೇ ದೋಷ. ಈ ವಿಷಯದಲ್ಲಿ ಪ್ರೇಕ್ಷಕರ ದೂರು ನ್ಯಾಯವಾದದ್ದು. ಉದ್ದೇಶವು ಉತ್ತಮವಾಗಿತ್ತಲ್ಲಾ ಎಂದು ಯಾವನಾದರೂ ವಾದಿಸಿದರೆ ಅವನಿಗೆ ಮಲಾಕಿ ಪ್ರವಾದಿಯ ಗ್ರಂಥವನ್ನು ತೋರಿಸಬೇಕು. ಕುರುಡು, ಕುಂಟು, ರೋಗ ಹಿಡಿದ ಪಶುಗಳನ್ನು ಯಜ್ಞವೇದಿಗೆ ತಂದ ಯಾಜಕರನ್ನು ಅವನು ಹೇಗೆ ಗದರಿಸಿದನು! ಇಂಥದ್ದನ್ನು ನಿಮ್ಮ ದೇಶಾಧಿಪತಿಗೆ ಕಾಣಿಕೆಕೊಟ್ಟು ನೋಡಿರಿ, ಮೆಚ್ಚುವನೋ ಎಂದು ಕೇಳಿದನು. ಅವರು ಅರ್ಪಿಸಿದ್ದು ದೇವರಿಗೇ, ಉದ್ದೇಶದಲ್ಲಿ ಕೊರತೆಯೆಲ್ಲಿ? ಆದರೂ ವೇದಿಯ ಪರಿಶುದ್ಧತ್ವವು ಕುಂಟು ಕುರಿಯನ್ನು ಸರಿಮಾಡಲಿಲ್ಲ. ಕುಂಟು ಕುರಿಯೇ ವೇದಿಯನ್ನು ಹೀನೈಸಿತು. ಹಾಗೆಯೇ ಸಮಾಧಾನದ ದೊಡ್ಡ ಮಾತನ್ನು ಅಸಡ್ಡೆಯ ಕೆಲಸದ ಮೇಲೆ ಹೊರಿಸಿದ್ದರಿಂದ ಜನರು ಕೆಲಸದೊಂದಿಗೆ ಆ ಮಾತನ್ನೂ ನಕ್ಕು ಬಿಟ್ಟರು. ಗುಡಾರದ ಕೆಲಸಕ್ಕೆ ದೇವರು ಬೆಚಲೇಲನನ್ನು ಹೆಸರು ಹೇಳಿ ಕರೆದು, ಕೈಗೆ ಜಾಣತನವನ್ನೂ ಹೃದಯಕ್ಕೆ ವಿವೇಕವನ್ನೂ ತುಂಬಿಸಿದ್ದು ಸುಮ್ಮನೆ ಅಲ್ಲ.

ನ್ಯಾಯವಾದ ದೂರಿನಿಂದ ಒಳ್ಳೇ ಫಲವೂ ಆಗುತ್ತದೆ. ಈ ವೀರನನ್ನು ಕಲ್ಪಿಸಿದ ಆ ಇಬ್ಬರು ಯುವಕರು ೧೯೩೮ರಲ್ಲಿ ತಮ್ಮ ಹಕ್ಕನ್ನು ೧೩೦ ಡಾಲರಿಗೆ ಮಾರಿದ್ದರು. ಅವರ ಕಲ್ಪನೆಯಿಂದ ಬೇರೆಯವರು ಧನವಂತರಾದರು. ಅವರು ಮುಪ್ಪಿನಲ್ಲಿ ಬಡತನವನ್ನು ಕಂಡರು. ಅವರ ಕಥೆಯನ್ನು ಪ್ರೀತಿಸಿದವರೂ ಜೊತೆಯ ಚಿತ್ರಕಾರರೂ ಇದು ಅನ್ಯಾಯವೆಂದು ಬಹಿರಂಗವಾಗಿ ಕೂಗಿದ್ದರಿಂದ, ೧೯೭೫ರಲ್ಲಿ ಕಂಪೆನಿಯವರು ಆ ಇಬ್ಬರಿಗೆ ವರುಷಕ್ಕೆ ೨೦,೦೦೦ ಡಾಲರಿನಂತೆ ಜೀವನಾಂಶವನ್ನು ಕೊಡಲೊಪ್ಪಿದರು. ತನ್ನ ಸುಖ ಕೆಟ್ಟಿತೆಂದು ಅಲ್ಲ, ನೆರೆಯವನ ಹಕ್ಕು ಕೆಟ್ಟಿತೆಂದು ಏಳುವ ಕೋಪವು ಹೀಗೆ ಯಾರನ್ನೂ ಹಾಳುಮಾಡದೆ ನ್ಯಾಯವನ್ನು ಸಾಧಿಸುತ್ತದೆ.

ಇನ್ನು ಎರಡನೆಯ ಮಾತು. ವೀರವೇಷವನ್ನು ನೋಡುವದಕ್ಕೆ ಹೋದ ಅನೇಕರು ಬರೇ ಎರಡು ಗಳಿಗೆಯ ವಿನೋದವನ್ನು ಬಯಸಿ ಹೋಗಲಿಲ್ಲ. ಲೋಕವು ಬೆಂಕಿಯ ಅಂಚಿನಲ್ಲಿರುವಾಗ ಮೇಲಿನಿಂದ ಒಬ್ಬನು ಇಳಿದು ಬಂದು ಎಲ್ಲವನ್ನೂ ಸರಿಮಾಡುವನೆಂಬ ಹಳೇ ಹಸಿವು ಮನುಷ್ಯರಲ್ಲಿದೆ. ಆ ಹಸಿವು ಸುಳ್ಳಲ್ಲ. ಆದರೆ ಅದನ್ನು ತಣಿಸುವ ಸಾಲವು ಬಣ್ಣದ ಬಟ್ಟೆ ತೊಟ್ಟ ನಟನ ಮೇಲಿಲ್ಲ. ಆ ಚಿತ್ರವು ಅತ್ಯುತ್ತಮವಾಗಿ ಆಗಿದ್ದರೂ ಒಂದು ಕ್ಷಿಪಣಿಯಾದರೂ ಭೂಮಿಯಿಂದ ಕಡಿಮೆಯಾಗುತ್ತಿರಲಿಲ್ಲ. ಅದೇ ೧೯೮೭ರ ದಶಂಬರ ೮ರಂದು ಅಮೆರಿಕದ ಅಧ್ಯಕ್ಷನಾದ ರೇಗನನೂ ರಶಿಯದ ಗೊರ್ಬಚೇವನೂ ವಾಶಿಂಗ್ಟನಿನಲ್ಲಿ ಒಡಂಬಡಿಕೆಗೆ ರುಜು ಹಾಕಿದರು. ೧೯೯೧ರೊಳಗೆ ೨,೬೯೨ ಕ್ಷಿಪಣಿಗಳು ನಾಶಮಾಡಲ್ಪಟ್ಟವು. ವೇಷವಿಲ್ಲದ ಮನುಷ್ಯರು ವರುಷಗಟ್ಟಲೆ ಮೇಜಿನ ಮುಂದೆ ಕೂತು ಮಾತಾಡಿದ್ದರಿಂದ ಅದಾಯಿತು. ಆ ಒಡಂಬಡಿಕೆಯೂ ೨೦೧೯ರಲ್ಲಿ ಕೊನೆಗೊಂಡಿತು. ಅರಸುಗಳ ಮೇಲೆ ಭರವಸವಿಡಬೇಡಿರೆಂದು ಎಚ್ಚರಿಸಿದ ಕೀರ್ತನೆಗಾರನು ಇದರಿಂದ ಆಶ್ಚರ್ಯಪಡುತ್ತಿರಲಿಲ್ಲ.

ಮನುಷ್ಯನಿಂದ ದೇವರ ಕೆಲಸವನ್ನು ಬಯಸುವವರು ಕಡೆಗೆ ಆ ಮನುಷ್ಯನಿಗೇ ಕೇಡುಮಾಡುತ್ತಾರೆ. ಲುಸ್ತ್ರದಲ್ಲಿ ನಡೆದದ್ದನ್ನು ಜ್ಞಾಪಿಸಿಕೊಳ್ಳಿರಿ. ಪೌಲನು ಹುಟ್ಟುಕುಂಟನನ್ನು ನಡೆಯಮಾಡಿದಾಗ ಊರಿನವರು ಅವನನ್ನೂ ಬಾರ್ನಬನನ್ನೂ ದೇವರುಗಳೆಂದು ಕೂಗಿ, ಹೋರಿಗಳನ್ನೂ ಹೂವಿನ ಹಾರಗಳನ್ನೂ ತಂದರು. ಅಪೊಸ್ತಲರು ಬಟ್ಟೆಗಳನ್ನು ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಎಂದು ಬೇಡಿಕೊಂಡರು. ಬಳಿಕ ಬೇರೆ ಊರುಗಳಿಂದ ಬಂದವರ ಮಾತಿಗೆ ಆ ಜನವು ಕಿವಿಗೊಟ್ಟಿತು. ಆಗ ಪೌಲನ ಮೇಲೆ ಕಲ್ಲುಗಳು ಬಿದ್ದವು, ಸತ್ತನೆಂದು ಅವನನ್ನು ಊರ ಹೊರಗೆ ಎಳೆದುಹಾಕಿದರು. ಹಾರಕ್ಕೂ ಕಲ್ಲಿಗೂ ನಡುವೆ ಇದ್ದ ದೂರವು ಎಷ್ಟು ಸ್ವಲ್ಪ! ಪೌಲನು ಬದಲಾಗಿರಲಿಲ್ಲ. ಅವನನ್ನು ಮನುಷ್ಯನೆಂದು ಆ ಜನರು ಮೊದಲೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ.

ರೀವ್‌ನನ್ನಾದರೂ ಮನುಷ್ಯನೆಂದು ನೋಡಿದರೆ ಏನು ಕಾಣುತ್ತದೆ? ಆ ಚಿತ್ರವು ಬಿದ್ದುಹೋದ ನಾಲ್ಕು ತಿಂಗಳ ಮೇಲೆ, ೧೯೮೭ರ ನವೆಂಬರದಲ್ಲಿ, ಅವನು ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋದನು. ಅಲ್ಲಿ ಸೇನಾಧಿಪತಿ ಪಿನೊಶೆಯ ಆಳಿಕೆಯಲ್ಲಿ ೭೭ ಮಂದಿ ನಾಟಕದವರಿಗೆ, ದೇಶ ಬಿಡದಿದ್ದರೆ ಕೊಲ್ಲುವೆವೆಂಬ ಬೆದರಿಕೆ ಬಂದಿತ್ತು. ಅವರ ಪಕ್ಕದಲ್ಲಿ ಇವನು ಬರಿಗೈಯಲ್ಲಿ ನಿಂತನು. ಗುಂಡು ತಾಗಿದರೆ ಸಾಯುವ ಶರೀರವೇ ಅವನಿಗಿದ್ದದ್ದು. ೧೯೯೫ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯ ಕೆಳಗೆ ಜೀವವಿಲ್ಲದಂತಾದನು. ಆ ಮೇಲಿನ ಒಂಬತ್ತು ವರುಷ, ೨೦೦೪ರಲ್ಲಿ ಸಾಯುವ ತನಕ, ಗಾಲಿಕುರ್ಚಿಯಲ್ಲಿ ಕೂತು, ಯಂತ್ರದ ಸಹಾಯದಿಂದ ಉಸಿರಾಡುತ್ತಾ, ಬೆನ್ನುಹುರಿ ಮುರಿದವರ ಚಿಕಿತ್ಸೆಗಾಗಿ ಹಣ ಕೂಡಿಸಿ ಮಾತಾಡಿದನು. ಅವನ ನಂಬಿಕೆ ನಮ್ಮದರಂತೆಯೇ ಇತ್ತೆಂದು ನಾವು ಹೇಳುವದಿಲ್ಲ. ಆದರೆ ಹಾರಿದಾಗ ಅವನು ಕೊಡಲಾರದೆ ಹೋದದ್ದನ್ನು, ಎದ್ದು ನಡೆಯಲಾರದ ಸ್ಥಿತಿಯಲ್ಲಿ ಅನೇಕರಿಗೆ ಕೊಟ್ಟನು. ಚಿತ್ರವನ್ನು ಹಳಿದು ಅವನನ್ನೂ ಅದರೊಂದಿಗೆ ಎಸೆದುಬಿಟ್ಟವರು ಇದನ್ನು ಕಾಣದೆ ಹೋಗುತ್ತಿದ್ದರು.

ಇನ್ನು ನಮ್ಮ ಸಭೆಗಳ ಕಡೆಗೆ ತಿರುಗೋಣ. ಬಹುಕಾಲ ಪ್ರೀತಿಯಿಂದ ಸೇವೆಮಾಡಿದ ಒಬ್ಬ ಉಪದೇಶಿಯು ವರ್ಗವಾಗಿ ಹೋಗುತ್ತಾನೆ. ಅವನ ಸ್ಥಳಕ್ಕೆ ಮತ್ತೊಬ್ಬನು ಬರುತ್ತಾನೆ. ಮೊದಲನೇ ಭಾನುವಾರವೇ ಹೋಲಿಕೆ ಆರಂಭವಾಗುತ್ತದೆ. ಅವನ ಸ್ವರ ಹೀಗಿತ್ತು, ಇವನದು ಹೀಗಿಲ್ಲ. ಅವನು ರೋಗಿಗಳ ಮನೆಗೆ ರಾತ್ರಿಯೂ ಬರುತ್ತಿದ್ದನು, ಇವನು ಹಗಲಿನಲ್ಲಿಯೂ ಬರುವದಿಲ್ಲ. ಇಂಥ ಮಾತುಗಳಿಂದ ಸಭೆಯು ಎರಡಾಗಿ, ಒಂದೇ ಪಾತ್ರೆಯಲ್ಲಿ ಕುಡಿದವರು ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಹೋಗುವದುಂಟು. ಪ್ರಿಯರೇ, ಆ ಎರಡು ಮಾತುಗಳನ್ನು ಇಲ್ಲಿಯೂ ಕೇಳಿಕೊಳ್ಳಿರಿ. ರೋಗಿಗಳನ್ನು ನೋಡುವದು ಅವನು ಸಲ್ಲಿಸಬೇಕಾದ ಕೆಲಸ. ಅದನ್ನು ಮಾಡದಿದ್ದರೆ ಕರ್ತನು ಕಲಿಸಿದಂತೆ ಮೊದಲು ಅವನೊಬ್ಬನನ್ನೇ ಕಂಡು ತಿಳಿಸಿರಿ. ಅದು ನಿಮ್ಮ ಹಕ್ಕೂ ಹೌದು, ಕರ್ತವ್ಯವೂ ಹೌದು. ಆದರೆ ಮೊದಲಿನವನ ಸ್ವರವನ್ನು ಇವನು ನಿಮಗೆ ಸಲ್ಲಿಸಬೇಕಾಗಿಲ್ಲ. ನಿಮ್ಮ ಪಾಪಭಾರವನ್ನು ಹೊರುವದೂ ಇವನಿಂದಾಗದು; ಮೊದಲಿನವನಿಂದಲೂ ಆಗಲಿಲ್ಲ.

ಸೇವೆಯಲ್ಲಿರುವ ನಾವಾದರೋ ಮಲಾಕಿಯ ಮಾತನ್ನು ಕಿವಿಯಲ್ಲಿಟ್ಟುಕೊಳ್ಳಬೇಕು. ಹೇಳುವ ಸುವಾರ್ತೆ ದೊಡ್ಡದೆಂದು ಸಿದ್ಧತೆಯಿಲ್ಲದೆ ಪೀಠವನ್ನು ಹತ್ತುವದು, ದೇವರ ಸ್ತುತಿಯೆಂದು ರಾಗ ಕಲಿಯದೆ ಹಾಡುವದು, ಧರ್ಮಶಾಲೆಯೆಂದು ಮಕ್ಕಳಿಗೆ ಅರೆಪಾಠ ಕಲಿಸುವದು, ಇವೆಲ್ಲಾ ಕುಂಟು ಕುರಿಗಳೇ. ಕೇಳುವವರು ನಿರಾಶೆಯಿಂದ ಎದ್ದುಹೋದರೆ ಅವರ ಹೃದಯಕಾಠಿನ್ಯವನ್ನು ದೂರುವದಕ್ಕಿಂತ ಮೊದಲು ನಮ್ಮ ಕಾಣಿಕೆಯನ್ನು ನೋಡಿಕೊಳ್ಳೋಣ.

ಆಶಾಭಂಗವಾದ ಇಬ್ಬರನ್ನು ಸುವಾರ್ತೆಯು ನಮ್ಮ ಮುಂದಿಡುತ್ತದೆ. ಅವರು ಎಮ್ಮಾಹುವಿನ ದಾರಿಯಲ್ಲಿ ಮೋರೆ ಬಾಡಿ ನಡೆಯುತ್ತಾ, ಇಸ್ರಾಯೇಲನ್ನು ಬಿಡಿಸುವವನು ಇವನೇ ಎಂದು ತಾವು ನಿರೀಕ್ಷಿಸಿದ್ದ ವಿಷಯವನ್ನು ಅಪರಿಚಿತನಿಗೆ ಹೇಳಿಕೊಂಡರು. ತಾವು ಯಾರ ವಿಷಯವಾಗಿ ನಿರಾಶರಾದರೋ ಆತನೇ ಜೊತೆಯಲ್ಲಿ ನಡೆಯುತ್ತಿದ್ದನೆಂದು ಅವರು ಅರಿಯರು. ಆತನು ಅವರ ಮಂದಬುದ್ಧಿಯನ್ನು ಗದರಿಸಿದನು. ಆದರೆ ದಾರಿಯಲ್ಲಿ ಬಿಟ್ಟುಹೋಗಲಿಲ್ಲ. ಒಂದು ಜನಾಂಗಕ್ಕೆ ಬಿಡುಗಡೆಯಾದರೆ ಸಾಕೆಂದು ಅವರು ಎಣಿಸಿದ್ದರು. ಆತನು ಮರಣವನ್ನೇ ಜಯಿಸಿ ಬಂದಿದ್ದನು. ನಾವು ಮನುಷ್ಯರಿಂದ ಅವರು ಹೊರಲಾರದಷ್ಟನ್ನು ಬಯಸಿ ಅವರನ್ನು ನೋಯಿಸುತ್ತೇವೆ. ಕರ್ತನಿಂದ ಮಾತ್ರ ಬಹು ಸ್ವಲ್ಪವನ್ನು ಬಯಸುತ್ತೇವೆ. ಈ ಅಳತೆಯನ್ನು ತಿದ್ದಿಕೊಂಡವನು ನೆರೆಯವನ ಕೊರತೆಯನ್ನು ಕೊರತೆಯೆಂದೇ ಹೇಳುವನು, ಆದರೂ ಅವನ ಮೇಲೆ ಕಲ್ಲೆತ್ತನು. ದೇವರು ನಮ್ಮೆಲ್ಲರಿಗೂ ಇಂಥ ಮನಸ್ಸನ್ನು ಅನುಗ್ರಹಿಸಲಿ.