ಬಡತನದ ಭಯ ಮತ್ತು ಗರ್ಭಸ್ಥ ಶಿಶು: ಹೊಣೆ ಯಾರದು?

ಗರ್ಭಪಾತದ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಅದು ಜೀವಹತ್ಯೆ, ಹರಾಮ್, ಅಲ್ಲಿಗೆ ಮಾತು ಮುಗಿಯಿತು ಎನ್ನುವವರು ಕೆಲವರು. ಹೊಟ್ಟೆಗಿಲ್ಲದವಳು ಹೆತ್ತು ಏನು ಮಾಡಬೇಕು, ಅವಳ ಕಷ್ಟ ಅವಳಿಗೇ ಗೊತ್ತು ಎನ್ನುವವರು ಇನ್ನು ಕೆಲವರು. ಮೊದಲಿನವರು ಮಗುವಿನ ಪರವಾಗಿ ಮಾತನಾಡುತ್ತಾರೆ, ಎರಡನೆಯವರು ತಾಯಿಯ ಪರವಾಗಿ. ಆದರೆ ಆ ತಾಯಿಯ ಕೈಗೆ ಸಂಜೆ ಕೂಲಿ ಎಣಿಸಿ ಕೊಡುವವನ ಹೆಸರನ್ನು ಇಬ್ಬರೂ ಎತ್ತುವುದಿಲ್ಲ. ಇಸ್ಲಾಮ್ ಈ ಪ್ರಶ್ನೆಯನ್ನು ನೋಡುವಾಗ ಅವನನ್ನೂ ನಮ್ಮೆಲ್ಲರನ್ನೂ ವಿಚಾರಣೆಯ ಕಟಕಟೆಗೆ ಕರೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಮೊದಲು ನಮ್ಮ ಕುರ್ಡಿ ಸೀಮೆಯ ಸ್ಥಿತಿಯನ್ನೇ ನೋಡೋಣ. ಮಾನ್ವಿ, ದೇವದುರ್ಗ, ರಾಯಚೂರು ತಾಲೂಕುಗಳ ಹಳ್ಳಿಗಳಲ್ಲಿ ಬಡವರ ಮನೆ ನಡೆಯುವುದು ಹೆಂಗಸರ ದುಡಿಮೆಯಿಂದ. ಭತ್ತದ ನಾಟಿ, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು ಎಲ್ಲವೂ ಬಗ್ಗಿ ಮಾಡುವ ಕೆಲಸ. ಹೊಲದಲ್ಲಿ ಕೆಲಸ ಮುಗಿದರೆ ಗುಳೆ. ಬೆಂಗಳೂರಿನ ಕಟ್ಟಡಗಳ ಮುಂದೆ ತಗಡಿನ ಶೆಡ್ಡು ಹಾಕಿಕೊಂಡು ಬದುಕುವವರಲ್ಲಿ ನಮ್ಮ ಜಿಲ್ಲೆಯವರು ಕಡಿಮೆಯೇನಿಲ್ಲ. ಕೇಂದ್ರ ಸರಕಾರ 2018ರಲ್ಲಿ ದೇಶದ ಅತಿ ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲೆಂದು ಮಾಡಿದ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ.

ಇಂತಹ ಮನೆಯೊಂದರಲ್ಲಿ ಮೂರು ಮಕ್ಕಳ ತಾಯಿ ನಾಲ್ಕನೆಯ ಸಲ ಬಸುರಿಯಾದಳೆಂದು ಇಟ್ಟುಕೊಳ್ಳಿ. ಕಂಕುಳಲ್ಲಿ ಇನ್ನೂ ಎದೆಹಾಲು ಕುಡಿಯುವ ಕೂಸು. ಹತ್ತಿ ಬಿಡಿಸಿದರೆ ಕಿಲೋ ಲೆಕ್ಕದಲ್ಲಿ ಹಣ, ಬಿಡಿಸದ ದಿನ ಏನೂ ಇಲ್ಲ. ಗುತ್ತೇದಾರನಿಂದ ತಂದ ಮುಂಗಡ ತೀರಿಲ್ಲ. ಏಳನೆಯ ತಿಂಗಳಲ್ಲಿ ಅವಳು ಕುಳಿತರೆ ಒಲೆಯೂ ಕುಳಿತಂತೆಯೇ. 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು 2017ರಲ್ಲಿ ತಿದ್ದಿ 26 ವಾರಗಳ ಸಂಬಳಸಹಿತ ರಜೆ ಕೊಡಲಾಯಿತು. ಅದು ಕಾರ್ಖಾನೆ ಕಛೇರಿಗಳವರಿಗೆ ಸಿಕ್ಕಿತೇ ಹೊರತು ದಿನಗೂಲಿಯ ಹೊಲಕ್ಕೆ ಇಳಿದು ಬರಲಿಲ್ಲ. ಅದೇ 2017ರಲ್ಲಿ ಆರಂಭವಾದ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ 5,000 ರೂಪಾಯಿ ಕೊಟ್ಟಿತು. 2022ರಿಂದ ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಎಂದಾಯಿತು. ನಾಲ್ಕನೆಯ ಬಸಿರಿಗೆ ಅದೂ ಇಲ್ಲ. ಆಗ ನೆರೆಯವಳೊಬ್ಬಳು ಔಷಧ ಅಂಗಡಿಯ ಗುಳಿಗೆಯ ಹೆಸರು ಹೇಳುತ್ತಾಳೆ. ಪಾಪ ಎಂದು ಆ ತಾಯಿಗೆ ಗೊತ್ತಿದೆ, ಹಸಿವೂ ಗೊತ್ತಿದೆ. ಅವಳಿಗೆ ನಾವು ಏನು ಹೇಳಬೇಕು?

ಪವಿತ್ರ ಕುರ್‌ಆನ್ ಈ ವಿಷಯವನ್ನು ಎರಡು ಕಡೆ ಎತ್ತಿದೆ. ಬಡತನದ ಕಾರಣದಿಂದ ಮಕ್ಕಳನ್ನು ಕೊಲ್ಲಬಾರದೆಂದು ಅಲ್‌ಅನ್‌ಆಮ್ ಅಧ್ಯಾಯದ 151ನೆಯ ಸೂಕ್ತವೂ, ಬಡತನದ ಭಯದಿಂದ ಕೊಲ್ಲಬಾರದೆಂದು ಬನೀ ಇಸ್ರಾಈಲ್ ಅಧ್ಯಾಯದ 31ನೆಯ ಸೂಕ್ತವೂ ಆಜ್ಞಾಪಿಸುತ್ತವೆ. ವ್ಯಾಖ್ಯಾನಕಾರರು ಇವೆರಡರ ನಡುವಿನ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಬಡತನ ಈಗಾಗಲೇ ಮನೆಯಲ್ಲಿರುವವರಿಗೆ ಅಲ್ಲಾಹನು ಮೊದಲು ತಂದೆತಾಯಿಗೆ, ಆಮೇಲೆ ಮಕ್ಕಳಿಗೆ ಜೀವನಾಧಾರ ನೀಡುವ ಭರವಸೆ ಕೊಡುತ್ತಾನೆ. ಮುಂದೆ ಬಡತನ ಬಂದೀತೆಂದು ಹೆದರುವವರಿಗೆ ಮೊದಲು ಮಕ್ಕಳ ಹೆಸರು ಹೇಳಿ ಆಮೇಲೆ ತಂದೆತಾಯಿಯ ಹೆಸರು ಹೇಳುತ್ತಾನೆ. ಹಸಿದವನ ಹಸಿವು ಬೇರೆ, ಉಂಡವನ ಚಿಂತೆ ಬೇರೆ ಎಂಬುದನ್ನು ಸೃಷ್ಟಿಕರ್ತನು ಬಲ್ಲನು. ಆಜ್ಞೆ ಒಂದೇ ಆದರೂ ಸಾಂತ್ವನದ ಮಾತು ಬೇರೆ ಬೇರೆಯಾಗಿದೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಈ ಆಜ್ಞೆ ಅರಬಿ ಭಾಷೆಯಲ್ಲಿ ಬಹುವಚನದಲ್ಲಿದೆ, ಇಡೀ ಜನಸಮುದಾಯವನ್ನು ಕುರಿತು ಹೇಳಿದ್ದಾಗಿದೆ. ಅಜ್ಞಾನಕಾಲದ ಅರೇಬಿಯಾದಲ್ಲಿ ಹೆಣ್ಣುಕೂಸನ್ನು ಮಣ್ಣಿಗೆ ಹಾಕಲು ಒಯ್ಯುತ್ತಿದ್ದವನು ತಂದೆ, ಅದನ್ನು ನೋಡಿ ಸುಮ್ಮನಿರುತ್ತಿದ್ದುದು ಸಮಾಜ. ಇಂದು ಈ ಸೂಕ್ತವನ್ನು ಬಡ ಹೆಂಗಸಿನ ಕಡೆಗೆ ಮಾತ್ರ ಬೆರಳು ತೋರಿಸಲು ಬಳಸುವವರು ಅದರ ಅರ್ಧವನ್ನಷ್ಟೇ ಓದಿದಂತಾಯಿತು.

ಹಾಗೆಂದು ಬಡತನವೊಂದಿದ್ದರೆ ಸಾಕು, ಏನು ಮಾಡಿದರೂ ಸರಿ ಎನ್ನಲಾದೀತೇ? ಖಂಡಿತ ಇಲ್ಲ. ಜೀವದ ಬೆಲೆ ತಂದೆಯ ಆದಾಯದಿಂದ ನಿರ್ಧಾರವಾಗುವುದಾದರೆ ಬಡವರ ಮಕ್ಕಳೆಲ್ಲರ ಜೀವವೂ ಅಗ್ಗವಾಗುತ್ತದೆ. ಭ್ರೂಣಹತ್ಯೆಗೆ ಯಾವಾಗಲೂ ಹಸಿವೇ ಕಾರಣವೆನ್ನುವುದೂ ತಪ್ಪು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಹೆಣ್ಣೋ ಗಂಡೋ ಎಂದು ನೋಡಿ, ಹೆಣ್ಣಾದರೆ ಗರ್ಭ ತೆಗೆಸುತ್ತಿದ್ದ ಜಾಲ 2023ರ ನವೆಂಬರ್‌ನಲ್ಲಿ ಬಯಲಾಯಿತು. ಅಂತಹ ಕೆಲಸಕ್ಕೆ ಹಣ ತೆರುವವರನ್ನು ನಡೆಸುವುದು ಇಂದಿನ ಹಸಿವಲ್ಲ, ನಾಳಿನ ವರದಕ್ಷಿಣೆಯ ಲೆಕ್ಕ. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವಿನೊಡನೆ, ಯಾವ ಅಪರಾಧಕ್ಕಾಗಿ ನಿನ್ನನ್ನು ಕೊಲ್ಲಲಾಯಿತೆಂದು ಅಂತಿಮ ದಿನದಂದು ಕೇಳಲಾಗುವುದೆಂಬ ಎಚ್ಚರಿಕೆ ಇಂಥವರಿಗೂ ಅನ್ವಯವಾಗುತ್ತದೆ.

ಈ ವಿಷಯದಲ್ಲಿ ನಮ್ಮ ಕರ್ಮಶಾಸ್ತ್ರ ವಿದ್ವಾಂಸರು ಎಷ್ಟು ಎಚ್ಚರಿಕೆಯಿಂದ ಹೆಜ್ಜೆಯಿಟ್ಟಿದ್ದಾರೆ ನೋಡಿ. ಗರ್ಭಕ್ಕೆ 120 ದಿನ ತುಂಬಿ ರೂಹ್ ಊದಲ್ಪಟ್ಟ ನಂತರ ತಾಯಿಯ ಪ್ರಾಣಕ್ಕೇ ಅಪಾಯ ಬಂದ ಹೊರತು ಅದನ್ನು ತೆಗೆಸಲಾಗದು. ಅದಕ್ಕಿಂತ ಮೊದಲಿನ ಅವಧಿಯ ಬಗ್ಗೆ ಅಭಿಪ್ರಾಯಭೇದವಿದೆ. ಮಾಲಿಕೀ ವಿದ್ವಾಂಸರು ಬಹಳ ಕಟ್ಟುನಿಟ್ಟು. ಇಮಾಮ್ ಗಝ್ಝಾಲಿಯವರು ಗರ್ಭ ಬೆಳೆದಂತೆ ಅಪರಾಧವೂ ಬೆಳೆಯುತ್ತದೆ ಎಂದರು. 1836ರಲ್ಲಿ ತೀರಿಕೊಂಡ ಡಮಾಸ್ಕಸ್‌ನ ಹನಫೀ ವಿದ್ವಾಂಸ ಇಬ್ನು ಆಬಿದೀನ್ ಅವರು ತಮಗಿಂತ ಹಿಂದಿನವರ ಮಾತನ್ನು ಉಲ್ಲೇಖಿಸುತ್ತ, ಈ ಮೊದಲ ಅವಧಿಯಲ್ಲಿ ಪರಿಗಣಿಸಬಹುದಾದ ಒಂದು ನೆಪವನ್ನು ದಾಖಲಿಸಿದ್ದಾರೆ: ಹೊಸ ಬಸಿರಿನಿಂದ ತಾಯಿಯ ಹಾಲು ಬತ್ತಿ, ಮೊಲೆಯುಣ್ಣುವ ಕೂಸಿಗೆ ದಾದಿಯನ್ನಿಡಲು ತಂದೆಗೆ ಶಕ್ತಿಯಿಲ್ಲದೆ, ಆ ಕೂಸು ಸಾಯುವ ಭಯವಿದ್ದರೆ ಎಂದು.

ಓದುಗರೇ, ಇದನ್ನು ಸ್ವಲ್ಪ ನಿಂತು ಯೋಚಿಸಿ. ಮದ್ರಸಾದ ಚಾಪೆಯ ಮೇಲೆ ಕುಳಿತು ಕಿತಾಬು ತಿರುವುತ್ತಿದ್ದ ಆ ಹಿರಿಯರಿಗೆ ಬಡವನ ಮನೆಯ ಒಳಗು ಕಾಣುತ್ತಿತ್ತು. ದಾದಿಯ ಸಂಬಳ ಎಷ್ಟು, ಅದನ್ನು ಕೊಡುವ ಶಕ್ತಿ ತಂದೆಗಿದೆಯೇ ಎಂದು ಅವರು ಕೇಳಿದರು. ಇದನ್ನು ಎಲ್ಲರಿಗೂ ತೆರೆದ ಬಾಗಿಲೆಂದು ಯಾರೂ ತಿಳಿಯಬಾರದು. ಅದು ಇರುವ ಮಗುವಿನ ಜೀವಕ್ಕಾಗಿ ಹೇಳಿದ ಮಾತು. ಅಂತಹ ಸಂದರ್ಭ ಬಂದವರು ನಂಬಿಕಸ್ಥ ವೈದ್ಯರನ್ನೂ ಬಲ್ಲ ಆಲಿಮರನ್ನೂ ಕೇಳಿಯೇ ಮುಂದುವರಿಯಬೇಕು. ಆದರೆ ಈ ನೆಪದ ಬೇರು ಎಲ್ಲಿದೆ? ತಂದೆಯ ಕೈ ಬರಿದಾಗಿರುವುದರಲ್ಲಿದೆ. ಆ ಕೈಗೆ ದಾದಿಯ ಸಂಬಳದಷ್ಟು ಹಣವನ್ನು ನೆರೆಯವನು ಹಾಕಿದರೆ ಆ ನೆಪವೇ ಇಲ್ಲವಾಗುತ್ತದೆ.

ಹಝ್ರತ್ ಉಮರ್(ರ) ಅವರ ಆಡಳಿತದ ಒಂದು ಘಟನೆ ಇದಕ್ಕೆ ಬೆಳಕು ಚೆಲ್ಲುತ್ತದೆ. ಅವರು ಬೈತುಲ್‌ಮಾಲಿನಿಂದ ಮಕ್ಕಳಿಗೆ ಭತ್ಯೆ ಗೊತ್ತುಮಾಡಿದ್ದರು. ಆದರೆ ಹಾಲು ಬಿಟ್ಟ ಮಕ್ಕಳಿಗೆ ಮಾತ್ರ. ಒಂದು ರಾತ್ರಿ ಮದೀನಾದ ಹೊರಗೆ ತಂಗಿದ್ದ ವರ್ತಕರ ತಂಡವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರೊಂದಿಗೆ ಕಾಯುತ್ತಿದ್ದಾಗ ಕೂಸೊಂದು ಅಳುವುದು ಕೇಳಿಸಿತು. ಮತ್ತೆ ಮತ್ತೆ ಹೋಗಿ ವಿಚಾರಿಸಿದಾಗ, ಎದುರಿಗಿರುವವರು ಯಾರೆಂದು ತಿಳಿಯದ ಆ ತಾಯಿ ಉತ್ತರಿಸಿದಳು: ಹಾಲು ಬಿಟ್ಟ ಮಕ್ಕಳಿಗಷ್ಟೇ ಉಮರ್ ಭತ್ಯೆ ಕೊಡುವುದರಿಂದ ಅವಧಿಗೆ ಮೊದಲೇ ಹಾಲು ಬಿಡಿಸುತ್ತಿದ್ದೇನೆ ಎಂದು. ಆ ದಿನ ಫಜ್ರ್ ನಮಾಝಿನಲ್ಲಿ ಅವರ ಅಳುವಿನಿಂದಾಗಿ ಪಾರಾಯಣವೇ ಜನರಿಗೆ ಸರಿಯಾಗಿ ಕೇಳಿಸಲಿಲ್ಲ. ಮುಸ್ಲಿಮರ ಎಷ್ಟು ಮಕ್ಕಳ ಸಾವಿಗೆ ತಾನು ಕಾರಣನಾದೆನೋ ಎಂದು ಅವರು ತಮ್ಮನ್ನೇ ಹಳಿದುಕೊಂಡರು. ಹುಟ್ಟಿದ ಪ್ರತಿ ಮಗುವಿಗೂ ಅಂದಿನಿಂದಲೇ ಭತ್ಯೆ ಎಂದು ಸಾರಿಸಿದರು.

ಅವರು ಆ ತಾಯಿಗೆ ಅಲ್ಲಾಹನ ಮೇಲೆ ಭರವಸೆ ಇಡು ಎಂದು ಉಪದೇಶ ಮಾಡಿ ಹಿಂದಿರುಗಬಹುದಿತ್ತು. ಆ ಉಪದೇಶ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಜೀವನಾಧಾರ ಕೊಡುವವನು ಅಲ್ಲಾಹನೇ ಆದರೂ ಅದು ಮನುಷ್ಯರ ಕೈಗಳ ಮೂಲಕ ಹರಿದು ಬರುತ್ತದೆ, ನಡುವೆ ತಡೆದ ಕೈ ಯಾವುದೆಂದು ಮೊದಲು ನೋಡಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ನೋಡಿದಾಗ ಆ ಕೈ ತಮ್ಮದೇ ಆಗಿತ್ತು.

ಕೂಲಿಯ ವಿಷಯದಲ್ಲಿ ಅವರ ಇನ್ನೊಂದು ತೀರ್ಪೂ ಪ್ರಸಿದ್ಧವಾಗಿದೆ. ಹಾತಿಬ್ ಅವರ ಆಳುಗಳು ಒಬ್ಬನ ಒಂಟೆ ಕದ್ದು ಕೊಯ್ದರು. ಯಜಮಾನನು ಅವರನ್ನು ಉಪವಾಸ ಕೆಡವುತ್ತಿದ್ದಾನೆಂದು ಕಂಡುಕೊಂಡ ಉಮರ್(ರ) ಆಳುಗಳ ಕೈ ಕಡಿಸಲಿಲ್ಲ. 400 ದಿರ್ಹಮಿನ ಒಂಟೆಗೆ 800 ದಿರ್ಹಮ್ ದಂಡವನ್ನು ಯಜಮಾನನಿಂದಲೇ ಕೊಡಿಸಿದರು. ಕಳ್ಳತನ ಕಳ್ಳತನವೇ, ಆದರೆ ಹಸಿವಿಗೆ ನೂಕಿದವನು ಅದರ ಪಾಲುದಾರ. ಈ ನ್ಯಾಯವನ್ನು ನಮ್ಮ ವಿಷಯಕ್ಕೆ ಅನ್ವಯಿಸಿ ನೋಡಿ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನದ ದಿನ ಸ್ವತಃ ಅಲ್ಲಾಹನೇ ವಾದಿಯಾಗುವನೆಂದು ಪ್ರವಾದಿ(ಸ) ತಿಳಿಸಿದ್ದಾರೆ.

ಕೂಲಿ ಮತ್ತು ಗರ್ಭದ ಈ ಸಂಬಂಧ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆ ಸಾಕ್ಷಿ. ಅಲ್ಲಿಂದ ಕಬ್ಬು ಕಡಿಯಲು ಹೋಗುವ ದಂಪತಿಗಳು ಒಂದು ದಿನ ಕೆಲಸ ತಪ್ಪಿಸಿದರೆ ಗುತ್ತೇದಾರನಿಗೆ ದಂಡ ತೆರಬೇಕು. 2019ರಲ್ಲಿ ಸರಕಾರಿ ಸಮಿತಿಯ ಸಮೀಕ್ಷೆಗೆ ಒಳಪಟ್ಟ 82,309 ಮಹಿಳೆಯರಲ್ಲಿ 13,861 ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ಅಂಥವರ ಬಳಿ ಹೋಗಿ ಗರ್ಭದ ಪಾವಿತ್ರ್ಯದ ಬಗ್ಗೆ ಭಾಷಣ ಮಾಡುವ ಹಕ್ಕು ಯಾರಿಗಿದೆ?

ಆದ್ದರಿಂದ ಬಡ ತಾಯಿಗೆ ಬೇಡ ಎನ್ನುವವನು ತನ್ನ ಬೇಡದ ಬೆಲೆಯನ್ನೂ ಹೊರಲು ಸಿದ್ಧನಿರಬೇಕು. ಹೊಲವಿದ್ದವರು ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಲಿ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಉದ್ಯೋಗ ಖಾತರಿಯಲ್ಲಿ 2024-25ರಲ್ಲಿ ಕರ್ನಾಟಕಕ್ಕೆ ಗೊತ್ತಾದ 349 ರೂಪಾಯಿ ಇಬ್ಬರಿಗೂ ಒಂದೇ ಆಗಿತ್ತು. ಬಾಣಂತಿಯ ಮನೆಗೆ ಎರಡು ತಿಂಗಳ ಜೋಳ, ಅಕ್ಕಿ ಕಳಿಸಿದರೆ ಯಾವ ಜಮೀನೂ ಕರಗುವುದಿಲ್ಲ. ನಮ್ಮ ಜಮಾಅತ್‌ಗಳು ಝಕಾತಿನ ಒಂದು ಪಾಲನ್ನು ಬಸುರಿ ಬಾಣಂತಿಯರ ಹೆಸರಿನಲ್ಲಿ ತೆಗೆದಿಡಲಿ, ಅದನ್ನು ಅವರ ಮಾನ ಉಳಿಯುವಂತೆ ತಲುಪಿಸಲಿ. ಗಂಡಂದಿರೂ ನೆನಪಿಡಲಿ: ಹಾಲುಣಿಸುವ ತಾಯಿಯ ಊಟ ಬಟ್ಟೆಯ ಹೊಣೆ ತಂದೆಯದೆಂದು ಕುರ್‌ಆನ್ ಸ್ಪಷ್ಟಪಡಿಸಿದೆ. ಮಕ್ಕಳ ನಡುವೆ ಅಂತರ ಇಟ್ಟುಕೊಳ್ಳಲು ಪ್ರವಾದಿವರ್ಯರ(ಸ) ಕಾಲದಲ್ಲಿ ಸಹಾಬಿಗಳು ಅಝ್ಲ್ ಅನುಸರಿಸುತ್ತಿದ್ದರು. ಆ ಎಚ್ಚರಿಕೆ ಮೊದಲೇ ಇದ್ದರೆ ಈ ಸಂಕಟವೇ ಎಷ್ಟೋ ಮನೆಗಳಿಗೆ ಬರುವುದಿಲ್ಲ.

ಸಹೋದರಿಯರಿಗೂ ಒಂದು ಮಾತು. ಯಾರಿಗೂ ತಿಳಿಯದಂತೆ ಅಂಗಡಿಯ ಗುಳಿಗೆ ನುಂಗಬೇಡಿ. ವಿದ್ವಾಂಸರ ಒಂದು ಅಧ್ಯಯನದ ಪ್ರಕಾರ 2015ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು. ಅವುಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಆಸ್ಪತ್ರೆಯ ಹೊರಗೆ, ಗುಳಿಗೆಯಿಂದಲೇ ಆದವು. ರಕ್ತ ನಿಲ್ಲದಿದ್ದರೆ ಹೋಗುವುದು ನಿಮ್ಮ ಪ್ರಾಣ, ಅನಾಥರಾಗುವುದು ಇರುವ ಮಕ್ಕಳು. ಮೊದಲು ಬಾಯಿಬಿಟ್ಟು ಕಷ್ಟ ಹೇಳಿ. ಕೇಳಿಸಿಕೊಂಡೂ ಕೈಕಟ್ಟಿ ಕುಳಿತವರು ತಮ್ಮ ಪ್ರಭುವಿಗೆ ಉತ್ತರ ಕೊಡಲಿ.

ಅಂತಿಮ ದಿನದಂದು ಮಗುವಿನ ಪ್ರಶ್ನೆ ಬಂದಾಗ ತಾಯಿಯೊಬ್ಬಳನ್ನೇ ಮುಂದೆ ನೂಕಿ ನಾವು ಹಿಂದೆ ನಿಲ್ಲಲಾಗದು. ಅವಳ ಬೆವರಿಗೆ ಕಡಿಮೆ ಬೆಲೆ ಕಟ್ಟಿದವನೂ, ಅವಳ ಒಲೆ ಆರಿದ್ದನ್ನು ಕಂಡು ಬಾಗಿಲು ಹಾಕಿಕೊಂಡವನೂ ಅದೇ ಸಾಲಿನಲ್ಲಿ ನಿಲ್ಲಬೇಕಾದೀತು. ಆ ದಿನಕ್ಕೆ ಮೊದಲೇ ಪಕ್ಕದ ಮನೆಯ ಬಾಗಿಲು ತಟ್ಟುವ ಬುದ್ಧಿಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.