ಬಿಗಿಯ ಅಳತೆ

ಒಂದು ಉಪಕರಣವು ತನಗೆ ಒಪ್ಪುವುದೋ ಇಲ್ಲವೋ ಎಂದು ನೋಡುವವನು ನಿಜವಾಗಿ ಪರೀಕ್ಷಿಸುವುದು ಉಪಕರಣವನ್ನೋ, ತನ್ನನ್ನೋ? ತಂಬೂರಿಯ ಕುದುರೆಯ ಮೇಲೆ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿ, ಕಿವಿಗೊಟ್ಟು ಕುಳಿತು, ಮತ್ತೆ ಸರಿಸುವವರಿಗೆ ಈ ಸಂದೇಹವು ಹೊಸದಲ್ಲ. ಅಲ್ಲಿ ತಪ್ಪಿದರೆ ಶ್ರುತಿ ಕೆಡುತ್ತದೆ, ಅಷ್ಟೆ. ಮೂಳೆ ಮುರಿಯುವ ಸಂಭವವಿರುವ ಕಡೆ ಇದೇ ಪ್ರಶ್ನೆಯು ನೀತಿಯ ಪ್ರಶ್ನೆಯಾಗುತ್ತದೆ. ಅದಕ್ಕಾಗಿ ನಮ್ಮ ಸೀಮೆಯವರು ಕಾಣದ ಒಂದು ವಸ್ತುವನ್ನು, ಹಿಮದ ಇಳಿಜಾರಿನಲ್ಲಿ ಜಾರುವ ಸ್ನೋಬೋರ್ಡನ್ನು, ಇಲ್ಲಿ ತೆಗೆದುಕೊಳ್ಳುತ್ತೇನೆ.

1965ರ ಕ್ರಿಸ್ಮಸ್ ದಿನ ಅಮೆರಿಕದ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಊರಿನಲ್ಲಿ ಶರ್ಮನ್ ಪೋಪನ್ ಎಂಬವರು ತಮ್ಮ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀ ಪಟ್ಟಿಗಳನ್ನು ಜೋಡಿಸಿ ಒಂದೇ ಹಲಗೆ ಮಾಡಿದರು. ಅದರಿಂದ ಬೆಳೆದ ಆಟದ ಹಲಗೆಯಲ್ಲಿ ಹಿಡಿಯಲು ಮೂತಿಯಲ್ಲೊಂದು ಹಗ್ಗವಿತ್ತು. ಕಾಲನ್ನು ಕಟ್ಟುವ ಸಾಧನವಿರಲಿಲ್ಲ. ಜೇಕ್ ಬರ್ಟನ್ ಕಾರ್ಪೆಂಟರ್ ಮೊದಲಾದವರು ಮುಂದೆ ಕಾಲ್ಕಟ್ಟನ್ನು ಸೇರಿಸಿದರು. 1998ರಲ್ಲಿ ನಾಗಾನೋ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಇಲ್ಲಿ ನಮಗೆ ಬೇಕಾದದ್ದು ಆ ಕಾಲ್ಕಟ್ಟು, ಅಂದರೆ ಬೈಂಡಿಂಗು.

ನೆಗೆತ, ಸುತ್ತು, ಹಿಮ್ಮುಖದ ಓಟ ಇವುಗಳಲ್ಲಿ ರುಚಿಯುಳ್ಳವರು ಬಳಸುವ ಫ್ರೀಸ್ಟೈಲ್ ಹಲಗೆಗೆ ಸಾಮಾನ್ಯವಾಗಿ ಮೂತಿಯೂ ಬಾಲವೂ ಒಂದೇ ಆಕಾರ. ಕಟ್ಟಿನ ನಡುವೆ ಅಂಶಗಳನ್ನು ಗುರುತಿಸಿದ ಒಂದು ಬಿಲ್ಲೆ. ಅದರ ತಿರುಪುಗಳನ್ನು ಸಡಿಲಿಸಿ ಪಾದದ ಕೋನವನ್ನು ಬದಲಿಸಬಹುದು. ಮುಂಗಾಲು 15 ಅಂಶ ಹೊರಕ್ಕೆ, ಹಿಂಗಾಲೂ ಅಷ್ಟೇ ಹೊರಕ್ಕೆ ತಿರುಗಿಸಿದರೆ ಅದು ಬಾತುಕೋಳಿಯ ನಿಲುವು. ಹಿಂದು ಮುಂದೆರಡೂ ಸಮನಾಗುತ್ತವೆ. ಹಿಮ್ಮಡಿಯ ಹಿಂದಿನ ಆಸರೆಯನ್ನು ಮುಂದಕ್ಕೆ ಬಾಗಿಸಿದರೆ ಹಿಮ್ಮಡಿಯ ಕಡೆಯ ಅಂಚು ಬೇಗನೆ ಮಾತು ಕೇಳುತ್ತದೆ, ಆದರೆ ಮೀನಖಂಡ ದಣಿಯುತ್ತದೆ. ಕಬ್ಬಿಣದ ಕಂಬಿಯ ಮೇಲೆ ಜಾರುವವರು ಅಂಚು ಸಿಕ್ಕಿಕೊಳ್ಳದಿರಲೆಂದು ಅದನ್ನು ಅರದಿಂದ ಉಜ್ಜಿ ಮೊಂಡು ಮಾಡುತ್ತಾರೆ. ಗಟ್ಟಿಮಂಜಿನ ಮೇಲೆ ಬಂದಾಗ ಆ ಮೊಂಡುತನವೇ ಹಿಡಿತ ತಪ್ಪಿಸುತ್ತದೆ. ಹೀಗೆ ಒಂದು ಗುಣವನ್ನು ಕೊಳ್ಳಲು ಇನ್ನೊಂದನ್ನು ಮಾರಲೇಬೇಕಾಗಿರುವುದರಿಂದ "ಒಳ್ಳೆಯ ಹಲಗೆ ಯಾವುದು?" ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಯಾರಿಗೆ, ಯಾತಕ್ಕೆ ಎಂಬುದನ್ನು ಮೊದಲು ಹೇಳಬೇಕು.

ಇನ್ನು ಪರೀಕ್ಷೆ. ಬಲ್ಲವರು ಹೇಳುವ ಕ್ರಮವೇನೋ ಸರಳ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಅದೇ ಇಳಿಜಾರಿನಲ್ಲಿ ಮತ್ತೆ ಇಳಿ. ಆದರೆ ಬೆಳಗಿನ ಗಡುಸು ಹಿಮ ಮಧ್ಯಾಹ್ನಕ್ಕೆ ಮೆತ್ತಗಾಗಿರುತ್ತದೆ. ಅದಕ್ಕಿಂತ ತೊಡಕಾದದ್ದು, ಇಳಿಯುವ ದೇಹವೂ ಮೂರನೆಯ ಸಲಕ್ಕೆ ಮೊದಲಿನದಾಗಿರುವುದಿಲ್ಲ. ಅದು ಕಲಿತಿರುತ್ತದೆ, ಇಲ್ಲವೆ ದಣಿದಿರುತ್ತದೆ. ಹೊಸ ಕೋನವು ಮೊದಲು ತಪ್ಪೆಂದು ತೋರುವುದು ಅದು ತಪ್ಪಾಗಿರುವುದರಿಂದಲೋ, ಹೊಸದಾಗಿರುವುದರಿಂದಲೋ? ಹಳೆಯ ಕೋನಕ್ಕೇ ಹಿಂದಿರುಗಿ ಇನ್ನೊಮ್ಮೆ ಇಳಿದು ನೋಡುವುದೊಂದೇ ನನಗೆ ಕಾಣುವ ಉಪಾಯ. ಮೊದಲಿನ ತೊಡಕು ಮರಳಿ ಬಂದರೆ ದೋಷವು ಬಹುಶಃ ಕಟ್ಟಿನದು. ಬಾರದಿದ್ದರೆ ಬದಲಾದದ್ದು ಕಾಲು. ಹೀಗೆ ಹಿಂದಿರುಗುವ ತಾಳ್ಮೆ ಎಷ್ಟು ಜನಕ್ಕಿದೆ! ಸುಖವೆನಿಸಿದೊಡನೆ ಪರೀಕ್ಷೆ ಮುಗಿಯಿತೆಂದು ತಿರುಪುಳಿಯನ್ನು ಜೇಬಿಗಿಳಿಸುವವರೇ ಹೆಚ್ಚು.

ಸ್ಕೀ ಪಟ್ಟಿಗಳ ಕಟ್ಟಿನ ಕಥೆ ಬೇರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದ ಯಾಲ್ಮರ್ ವಾಮ್ 1937ರಲ್ಲಿ ಕಾಲು ಮುರಿದುಕೊಂಡ ಬಳಿಕ, ಬೀಳುವಾಗ ತಾನೇ ಬಿಟ್ಟುಕೊಳ್ಳುವ ಕಟ್ಟನ್ನು ರೂಪಿಸಿದನು. ಎಷ್ಟು ಬಲಕ್ಕೆ ಕಟ್ಟು ಬಿಡಬೇಕೆಂಬುದನ್ನು ಈಗ ಕೋಷ್ಟಕ ನೋಡಿ ನಿಶ್ಚಯಿಸುತ್ತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಈ ನಾಲ್ಕೂ ಅಂಕಿಗಳು. (ತೂಕವನ್ನೂ ವಯಸ್ಸನ್ನೂ ಜನ ಸತ್ಯವಾಗಿ ಹೇಳುವರೆಂದು ಕೋಷ್ಟಕ ನಂಬುತ್ತದೆ!) ಐದನೆಯದು ಮಾತ್ರ ಅಂಕಿಯಲ್ಲ: ನೀವು ಎಚ್ಚರಿಕೆಯವರೋ, ಮಧ್ಯಮರೋ, ವೇಗದ ಸಾಹಸಿಗಳೋ ಎಂಬುದಕ್ಕೆ ನೀವೇ ಕೊಡುವ ಉತ್ತರ. ಅಂಗಡಿಯವನು ಅದನ್ನು ಊಹಿಸಲಾಗದು, ಕೇಳಿ ಬರೆದುಕೊಳ್ಳಬೇಕು. ಗೆಳೆಯರೆದುರಿನಲ್ಲಿ ಸಾಹಸಿಯೆಂದುಕೊಂಡವನ ಕಟ್ಟು ಬಿಗಿಯಾಗುತ್ತದೆ, ಬಿಡಬೇಕಾದಾಗ ಬಿಡದೆ ಹೋಗಬಹುದು. ಅವನು ಯಾರಿಗೂ ಸುಳ್ಳು ಹೇಳಲಿಲ್ಲ. ತನ್ನ ವಿಷಯದಲ್ಲಿ ತಾನೇ ನಂಬಿಕೊಂಡದ್ದನ್ನು ಹೇಳಿದನು. ಇದನ್ನು ಅಸತ್ಯವೆನ್ನಬಹುದೇ? ಎನ್ನಬಹುದೆಂದೇ ನನ್ನ ಮತ. ತನ್ನನ್ನು ನೋಡಿಕೊಳ್ಳಲು ಅವಕಾಶವಿದ್ದೂ ನೋಡಿಕೊಳ್ಳದವನ ನಂಬಿಕೆಗೆ ಮುಗ್ಧತೆಯ ರಿಯಾಯಿತಿ ಸಲ್ಲದು.

ಸ್ನೋಬೋರ್ಡಿನ ಕಟ್ಟಾದರೋ ಸಾಮಾನ್ಯವಾಗಿ ಬೀಳುವಾಗ ಬಿಡುವುದೇ ಇಲ್ಲ. ಇದು ಅಲಕ್ಷ್ಯವಲ್ಲ. ಎರಡು ಕಾಲೂ ಒಂದೇ ಹಲಗೆಗೆ ಬಿಗಿದಿರುವಾಗ ಒಂದು ಮಾತ್ರ ಬಿಟ್ಟುಕೊಂಡರೆ, ಇಡೀ ಹಲಗೆಯು ಸನ್ನೆಗೋಲಾಗಿ ಉಳಿದ ಕಾಲನ್ನು ತಿರುಚುತ್ತದೆ. ಅರ್ಧ ಬಿಡುಗಡೆಗಿಂತ ಪೂರ್ಣ ಬಂಧನವೇ ಕ್ಷೇಮ. ಹಾಗಾಗಿ ಬಿದ್ದವರು ಕೈಯೂರುತ್ತಾರೆ, ಹೊಸಬರ ಮಣಿಕಟ್ಟು ಮುರಿಯುತ್ತದೆ. ನಡುವೆ ಎಚ್ಚರಗೊಂಡು ಕಾಪಾಡುವ ಯಂತ್ರವಿಲ್ಲದ ಕಡೆ, ಮಾಡಬೇಕಾದ ವಿವೇಚನೆಯೆಲ್ಲ ಇಳಿಯುವುದಕ್ಕೆ ಮುಂಚೆಯೇ ಮುಗಿಯಬೇಕು. "ನನ್ನ ಕಾಲು, ನನ್ನ ಇಷ್ಟ" ಎನ್ನುವವರಿಗೂ ಉತ್ತರವುಂಟು: ಇಳಿಜಾರು ಎಲ್ಲರದು. ಕಾಲಿನಿಂದ ಕಳಚಿದ ಹಲಗೆಗೆ ಸ್ಕೀಗಿರುವಂತಹ ತಡೆಯಿಲ್ಲ. ಕೈತಪ್ಪಿದರೆ ಕೆಳಗಿರುವವರ ಮೇಲೆ ಹೋಗುತ್ತದೆ.

ತನಗಾಗಿ ಅಲ್ಲದೆ ಪರರಿಗಾಗಿ ಕಟ್ಟನ್ನು ಹೊಂದಿಸುವವನ ಧರ್ಮವು ಇನ್ನೂ ಸೂಕ್ಷ್ಮವಾದುದು. ಯಾವ ಕಾಲು ಮುಂದಿರಬೇಕೆಂದು ತಿಳಿಯಲು ಹೊಸಬನನ್ನು ಸುಳಿವು ಕೊಡದೆ ಹಿಂದಿನಿಂದ ಮೆಲ್ಲನೆ ತಳ್ಳಿ, ಯಾವ ಕಾಲನ್ನು ಮುಂದಿಟ್ಟನೆಂದು ನೋಡುವ ರೂಢಿಯೊಂದಿದೆ. ಸುಳಿವು ಕೊಟ್ಟರೆ ಪರೀಕ್ಷೆಯಾಗದು, ಕೊಡದಿದ್ದರೆ ಸಣ್ಣದೊಂದು ವಂಚನೆ. ನುಣುಪು ನೆಲದ ಮೇಲೆ ಕಾಲುಚೀಲದಲ್ಲಿ ತಾನಾಗಿ ಜಾರಿ ನೋಡೆಂದು ಹೇಳುವವನನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಮಕ್ಕಳ ವಿಷಯದಲ್ಲಿ ಈ ಸೌಲಭ್ಯವೂ ಇಲ್ಲ. ಬೆಳೆಯುವ ಮಗುವೆಂದು ಎರಡು ಬೆರಳು ದೊಡ್ಡದಾಗಿ ಅಂಗಿ ಹೊಲಿಸುವುದು ನಮ್ಮ ಮನೆಗಳಲ್ಲಿರುವಂತೆ ಅಲ್ಲಿಯೂ ಉಂಟು. ಬೂಟನ್ನೂ ಹಾಗೆಯೇ ಕೊಳ್ಳುತ್ತಾರೆ. ದೊಡ್ಡ ಅಂಗಿಯಿಂದ ಕೆಡುಕಿಲ್ಲ. ದೊಡ್ಡ ಬೂಟಿನಲ್ಲಿ ಹಿಮ್ಮಡಿ ಮೇಲೇಳುತ್ತದೆ, ಹಲಗೆ ಮಾತು ಕೇಳುವುದಿಲ್ಲ. ಪಟ್ಟಿಯನ್ನು ಇನ್ನಷ್ಟು ಬಿಗಿದರೆ ಪಾದ ಮರಗಟ್ಟುತ್ತದೆ. "ನೋಯುತ್ತದೆಯೇ ಮಗು?" ಎಂದು ಕೇಳಿದರೆ, ಎಲ್ಲಿ ಆಟಕ್ಕೆ ಬಿಡುವುದಿಲ್ಲವೋ ಎಂಬ ಭಯದಿಂದ ಮಗು "ಇಲ್ಲ" ಎನ್ನುತ್ತದೆ. ತಿಳಿದವನು ಆ ಉತ್ತರವನ್ನು ಕೇಳಿಸಿಕೊಂಡು, ಮೊಣಕಾಲೂರಿ ಕುಳಿತು, ಮಗುವನ್ನು ಮುಂದಕ್ಕೆ ಬಾಗಲು ಹೇಳಿ, ಹಿಮ್ಮಡಿ ಏಳುವುದೋ ಇಲ್ಲವೋ ಎಂದು ತನ್ನ ಕೈಯಿಂದಲೇ ಮುಟ್ಟಿ ನೋಡುತ್ತಾನೆ.