ಕೇಕಿನ ತಟ್ಟೆಯ ಜೊತೆಗೆ ಒಂದು ಕರೆ

ಜಯನಗರ, ಬನಶಂಕರಿಯ ಹಳೆಯ ಬೀದಿಗಳಲ್ಲಿ ಕರೆಯುವುದಕ್ಕೆ ಒಂದು ಕ್ರಮವಿದೆ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಪಕ್ಕದ ಮನೆಯವರು ತಾವೇ ಬಂದು ಅರಿಶಿನ-ಕುಂಕುಮಕ್ಕೆ ಕರೆಯುತ್ತಾರೆ. ದಸರೆಯಲ್ಲಿ ಗೊಂಬೆ ನೋಡಲು ಮಕ್ಕಳನ್ನು ಕಳಿಸಿ ಎನ್ನುತ್ತಾರೆ. ರಾಮನವಮಿಯ ಪಾನಕ-ಕೋಸಂಬರಿ, ಸಂಕ್ರಾಂತಿಯ ಎಳ್ಳು-ಬೆಲ್ಲ ನಮ್ಮ ಮನೆಗೂ ಬರುತ್ತವೆ. ಡಿಸೆಂಬರಿನಲ್ಲಿ ನಾವು ಕಲ್‌ಕಲ್, ರೋಸ್ ಕುಕೀಸ್, ಕೇಕ್ ತುಂಬಿದ ತಟ್ಟೆ ಕಳಿಸುತ್ತೇವೆ. ಖಾಲಿ ತಟ್ಟೆ ಹಿಂದಿರುಗಿಸಬಾರದೆಂದು ಅವರು ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತಾರೆ. ಇಷ್ಟು ವರ್ಷಗಳ ಈ ಒಡನಾಟದಲ್ಲಿ ಕ್ರೈಸ್ತರಾದ ನಾವು ಆಡದೆ ಉಳಿಸಿಕೊಂಡ ಮಾತು ಒಂದಿದೆ. ಭಾನುವಾರ ನಮ್ಮ ಜೊತೆ ಚರ್ಚ್‌ಗೆ ಬನ್ನಿ ಎಂದು ನಾವು ಅವರನ್ನು ಕರೆದಿಲ್ಲ.

ಹಿಂಜರಿಕೆಗೆ ಕಾರಣವಿಲ್ಲದಿಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆದರೆ ಮನಸ್ಸಿನೊಳಗೆ ಹೊಕ್ಕ ಅಳುಕು ಸಂಪುಟದ ತೀರ್ಮಾನದಿಂದ ಹೋಗುವಂಥದ್ದಲ್ಲ. ಕರೆದರೆ ಏನಂದುಕೊಳ್ಳುತ್ತಾರೋ, ಇಷ್ಟು ದಿನದ ಸ್ನೇಹ ಕೆಟ್ಟರೇನು ಗತಿ ಎಂದು ಬಾಯಿ ಕಟ್ಟುತ್ತದೆ. ಆಮಿಷವೊಡ್ಡಿ, ಹೆದರಿಸಿ, ರೋಗ ವಾಸಿಯಾಗುತ್ತದೆಂದು ಮಾತು ಕೊಟ್ಟು ಯಾರನ್ನೂ ದೇವಾಲಯಕ್ಕೆ ಕರೆತರಬಾರದು. ಇದನ್ನು ಹೇಳಲು ಕಾಯ್ದೆ ಬೇಕಿಲ್ಲ, ಸುವಾರ್ತೆಯೇ ಸಾಕು. ನಾನು ಹೇಳುತ್ತಿರುವುದು ಬೇರೆಯ ಕರೆ. ಅದರ ಹಿಂದೆ ಏನನ್ನೂ ಬಚ್ಚಿಟ್ಟಿರುವುದಿಲ್ಲ. ಬಂದರೆ ಸಂತೋಷ, ಬಾರದಿದ್ದರೂ ಮರುದಿನ ಕಾಂಪೌಂಡಿನ ಆಚೆಯಿಂದ ಅದೇ ಮಾತು, ಅದೇ ನಗು.

ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಇಂಥದ್ದೇ ಕರೆಯಿದೆ. ಬೇತ್ಸಾಯಿದದ ಫಿಲಿಪ್ಪನು ಹೋಗಿ ನತಾನಯೇಲನಿಗೆ ಯೇಸುವಿನ ಸುದ್ದಿ ಹೇಳುತ್ತಾನೆ. ನಜರೇತಿನಂಥ ಊರಿನಿಂದ ಒಳ್ಳೆಯದೇನು ಬಂದೀತು ಎಂದು ನತಾನಯೇಲ ಮೂಗು ಮುರಿಯುತ್ತಾನೆ. ಫಿಲಿಪ್ಪ ವಾದಕ್ಕಿಳಿಯುವುದಿಲ್ಲ, ನಜರೇತಿನ ಪರವಾಗಿ ವಕಾಲತ್ತು ವಹಿಸುವುದಿಲ್ಲ. ನೀನೇ ಬಂದು ನೋಡು ಎಂದಷ್ಟೇ ಹೇಳಿ ಜೊತೆಗೆ ನಡೆಯುತ್ತಾನೆ. ನನಗೆ ಇದು ಬಹಳ ಸಮಾಧಾನ ಕೊಡುವ ಸಂಗತಿ. ನಮ್ಮಲ್ಲಿ ಎಷ್ಟೋ ಜನ ಬಾಯಿ ಬಿಡದಿರುವುದು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲವೆಂಬ ಭಯದಿಂದ. ಫಿಲಿಪ್ಪನ ಬಳಿಯೂ ಉತ್ತರವಿರಲಿಲ್ಲ. ನಾಲ್ಕನೇ ಅಧ್ಯಾಯದ ಸಮಾರ್ಯದ ಹೆಂಗಸು ಇನ್ನೂ ಮುಂದೆ ಹೋಗುತ್ತಾಳೆ. ಇವನೇ ಕ್ರಿಸ್ತನಿರಬಹುದೇ ಎಂಬ ಪ್ರಶ್ನೆಯನ್ನೇ ಹೊತ್ತು, ಕೊಡವನ್ನು ಬಾವಿಯ ಬಳಿ ಬಿಟ್ಟು, ಊರಿಗೆ ಓಡಿ ಜನರನ್ನು ಕರೆಯುತ್ತಾಳೆ. ಕೊನೆಗೆ ಊರವರು, ನಾವು ನಂಬಿದ್ದು ನಿನ್ನ ಮಾತಿನಿಂದಲ್ಲ, ಕಿವಿಯಾರೆ ಕೇಳಿದ್ದರಿಂದ ಎಂದು ಅವಳಿಗೇ ಹೇಳುತ್ತಾರೆ. ಮುಂದಿನದು ಅವಳ ಕೈಯಲ್ಲಿರಲಿಲ್ಲ, ನಮ್ಮ ಕೈಯಲ್ಲೂ ಇಲ್ಲ.

ಪಕ್ಕದ ಮನೆಯವರ ವಿಷಯ ಹೀಗಾದರೆ, ನಮ್ಮವರೇ ಆಗಿದ್ದು ಯಾರೂ ಕರೆಯದವರು ಇನ್ನೊಂದು ಕಡೆ ಇದ್ದಾರೆ. ಬಿಟಿಎಂ ಲೇಔಟಿನ, ಮಡಿವಾಳದ ಪಿಜಿಗಳ ಹುಡುಗ ಹುಡುಗಿಯರು. ಬೀದರಿನ ಮೆಥೊಡಿಸ್ಟ್ ಮನೆಗಳಿಂದ ಬಂದವರಿದ್ದಾರೆ. ಬಾಸೆಲ್ ಮಿಷನ್ 1837ರಲ್ಲೇ ಕಾಲಿಟ್ಟ ಧಾರವಾಡದ ಕಡೆಯಿಂದ, ತಲೆಮಾರುಗಳಿಂದ ಸಭೆಯಲ್ಲಿ ಬೆಳೆದು ಬಂದವರಿದ್ದಾರೆ. ಊರಿನಲ್ಲಿ ಭಾನುವಾರ ಗಂಟೆ ಬಾರಿಸಿದರೆ ಅಮ್ಮ ಎಬ್ಬಿಸುತ್ತಿದ್ದಳು. ಇಲ್ಲಿ ಶನಿವಾರದ ರಾತ್ರಿ ಪಾಳಿ ಮುಗಿಸಿ ಮಲಗಿದವರನ್ನು ಎಬ್ಬಿಸುವವರಿಲ್ಲ. ಹತ್ತಿರದ ಚರ್ಚಿನೊಳಗೆ ಹೋಗಿ ನೋಡಿದರೆ ಆರಾಧನೆ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ ನಡೆಯುತ್ತಿರುತ್ತದೆ. ಕನ್ನಡ ಆರಾಧನೆ ಎಲ್ಲಿ, ಎಷ್ಟು ಗಂಟೆಗೆ ಎಂದು ಅವರಿಗೆ ಹೇಳಿದವರಿಲ್ಲ. ಕಾರ್ಪೊರೇಷನ್ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯದಲ್ಲಿ ಕನ್ನಡದಲ್ಲೇ ಹಾಡಿ ಪ್ರಾರ್ಥಿಸುವ ಸಭೆಯಿದೆ ಎಂಬುದೂ ಎಷ್ಟೋ ಮಕ್ಕಳಿಗೆ ತಿಳಿದಿರುವುದಿಲ್ಲ. ಇವರು ನಂಬಿಕೆ ಬಿಟ್ಟವರು ಎಂದು ನಾವು ಸುಲಭವಾಗಿ ತೀರ್ಪು ಕೊಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಹುಡುಕಿಕೊಂಡು ಬರುವವರಿಗಾಗಿ ಅವರು ಕಾಯುತ್ತಿದ್ದಾರೆ, ನಾವು ಹೋಗಿಲ್ಲ.

ವಾಟ್ಸಾಪ್ ಗುಂಪಿಗೆ ಹಾಕಿದ ಪೋಸ್ಟರ್ ಯಾರನ್ನೂ ಕರೆದಂತಲ್ಲ. ಮದುವೆಯ ಕಾಗದವನ್ನು ಪೋಸ್ಟಿನಲ್ಲಿ ಕಳಿಸಿದರೆ ಮುನಿಸಿಕೊಳ್ಳುವ ಜನ ನಾವು, ಬಾಯಿಮಾತಿನ ಬೆಲೆ ನಮಗೆ ಗೊತ್ತು. “ಅಕ್ಕಾ, ಈ ಭಾನುವಾರ ಬಿಡುವಿದ್ದರೆ ನಮ್ಮ ಚರ್ಚ್‌ಗೆ ಬನ್ನಿ. ಕನ್ನಡದಲ್ಲೇ ಇರುತ್ತೆ, ಒಂದೂವರೆ ಗಂಟೆ ಅಷ್ಟೆ. ನಾನು ಗೇಟ್ ಹತ್ರಾನೇ ನಿಂತಿರ್ತೀನಿ.” ಇಷ್ಟು ಸಾಕು. ಗೇಟಿನ ಮಾತು ಬಹಳ ಮುಖ್ಯ. ಹೊಸಬರಿಗೆ ಒಳಗೆ ಹೋಗಿ ಎಲ್ಲಿ ಕೂರಬೇಕು, ಚಪ್ಪಲಿ ಬಿಡಬೇಕೋ ಬೇಡವೋ ಎಂಬುದೇ ದೊಡ್ಡ ಚಿಂತೆ.

ಬಂದವರನ್ನು ಮುಂದಿನ ಸಾಲಿಗೆ ಕರೆದೊಯ್ಯಬೇಡಿ, ನಡುವಿನ ಸಾಲಿನಲ್ಲಿ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಕೀರ್ತನೆಯ ಪುಟ ತೆಗೆದುಕೊಡಿ. ಎಲ್ಲರೂ ಎದ್ದಾಗ ಎದ್ದರೂ ಸರಿ, ಕೂತಿದ್ದರೂ ಸರಿ ಎಂದು ಮೊದಲೇ ತಿಳಿಸಿ. ಕರ್ತನ ಭೋಜನದ ಭಾನುವಾರವಾದರೆ ಅದೇನೆಂದು ಎರಡು ಮಾತಿನಲ್ಲಿ ಹೇಳಿ, ಆ ಹೊತ್ತು ಅವರೊಬ್ಬರನ್ನೇ ಬೆಂಚಿನಲ್ಲಿ ಬಿಟ್ಟು ಹೋಗದಂತೆ ಮನೆಯವರಲ್ಲಿ ಒಬ್ಬರು ಜೊತೆಗಿರಿ. ಎದ್ದು ನಿಂತು ಹೆಸರು ಹೇಳುವಂತೆ ಯಾರೂ ಒತ್ತಾಯಿಸದ ಹಾಗೆ ಸಭಾಪಾಲಕರಿಗೆ ಮುಂಚೆಯೇ ತಿಳಿಸಿಡಿ. ಆರಾಧನೆ ಮುಗಿದ ಮೇಲೆ ಹತ್ತಿರದ ದರ್ಶಿನಿಯಲ್ಲಿ ಇಡ್ಲಿ-ವಡೆ, ಕಾಫಿ ಕೊಡಿಸಿ. ಹೇಗನ್ನಿಸಿತು ಎಂದು ಅವರಾಗಿ ಮಾತೆತ್ತುವವರೆಗೆ ಕೇಳಬೇಡಿ.